ಏಳನೇ ಗುರುತು

ಅಕ್ಕನ ಮಣಿಕಟ್ಟಿನ ಮೇಲೆ ಗುಳ್ಳೆ ಎದ್ದದ್ದಕ್ಕೆ ಮೊದಲು ಬೈಸಿಕೊಂಡದ್ದು ಸೋಪು. ಆಮೇಲೆ ಬಟ್ಟೆ ಒಗೆಯುವ ಪುಡಿ, ಆಮೇಲೆ ಬದನೆಕಾಯಿ, ಕೊನೆಗೆ ನಾನು ಮಾಡುವ ಚಹಾ. ಚಹಾ ಕುಡಿದರೆ ಕೈಯಲ್ಲಿ ಗುಳ್ಳೆ ಏಳುವುದು ಹೇಗೆ ಎಂದು ಕೇಳಿದ್ದಕ್ಕೆ, "ನಿನ್ನ ಚಹಾ ಕುಡಿದ್ರೆ ಏನು ಬೇಕಾದ್ರೂ ಆಗುತ್ತೆ" ಅಂದಳು. ಹತ್ತು ತಿಂಗಳು ಹೀಗೇ ನಡೆಯಿತು. ಮನೆಯಲ್ಲಿದ್ದ ಒಂದೊಂದೇ ವಸ್ತುವಿನ ಮೇಲೆ ತಪ್ಪು ಹೊರಿಸಿದಳು. ದಿನಾ ಕೈ ಹಾಕುವ ರೆಸಿನ್ ಎಂಬ ಅಂಟಿನ ಹೆಸರು ಮಾತ್ರ ಅವಳ ಬಾಯಲ್ಲಿ ಬರಲಿಲ್ಲ. ನಾನೂ ಎತ್ತಲಿಲ್ಲ.

ನಮ್ಮದು ದೋಣಿ ಮಾಡುವ ಕೆಲಸ. ಮರದ್ದಲ್ಲ, ಫೈಬರಿನದು. ಎರಡೂ ತುದಿ ಚೂಪಾಗಿ, ಇಬ್ಬರು ಕೂತು ಹುಟ್ಟು ಹಾಕುವಂಥದ್ದು, ನೀರಿನಿಂದ ಎತ್ತಿದರೆ ಒಬ್ಬರೇ ಹೆಗಲ ಮೇಲೆ ಹೊತ್ತು ನಡೆಯಬಹುದಾದಷ್ಟು ಹಗುರ. ಬಿಲ್ಲಿನಲ್ಲಿ ಕನೂ ಎಂದು ಬರೆಯುತ್ತೇವೆ, ಬಾಯಲ್ಲಿ ದೋಣಿ ಎನ್ನುತ್ತೇವೆ. ಅಪ್ಪ ಶುರು ಮಾಡಿದ ಶೆಡ್ಡು. ಈಗ ಅಪ್ಪ ಇಲ್ಲ, ಅಕ್ಕ ಇದ್ದಾಳೆ, ನಾನಿದ್ದೇನೆ. ಶೆಡ್ಡಿಗೆ ಎರಡು ಕೋಣೆ. ಒಳಕೋಣೆಯಲ್ಲಿ ಅಚ್ಚು, ರೆಸಿನ್ನಿನ ಡಬ್ಬಗಳು, ಬಟ್ಟೆಯ ಸುರುಳಿಗಳು ಮತ್ತು ಅಕ್ಕ. ಹೊರಕೋಣೆಯಲ್ಲಿ ಮರದ ಕೆಲಸ, ಅಂದರೆ ಸೀಟು, ಅಂಚುಪಟ್ಟಿ, ಅಡ್ಡಪಟ್ಟಿ ಮತ್ತು ನಾನು. ನಡುವಿನ ಬಾಗಿಲು, ನನ್ನ ಮರದ ಹೊಟ್ಟು ಆ ಕಡೆ ಹಾರಬಾರದೆಂದು ಸದಾ ಮುಚ್ಚಿರುತ್ತದೆ. ಅಕ್ಕ ನನ್ನನ್ನು ಗರಗಸ ಎಂದು ಕರೆಯುತ್ತಾಳೆ. ಅದು ನನ್ನ ಕೆಲಸಕ್ಕೆ ಇಟ್ಟ ಹೆಸರೋ ನಾಲಿಗೆಗೆ ಇಟ್ಟದ್ದೋ ಎಂದು ನಾನು ಕೇಳಿಲ್ಲ, ಉತ್ತರ ಗೊತ್ತಿದೆ.

ಈ ಕೆಲಸ ಕಂಡಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಅಚ್ಚು ಎಂದರೆ ದೋಣಿಯ ಆಕಾರದ ತೊಟ್ಟಿ. ಅದಕ್ಕೆ ಮೇಣ ತಿಕ್ಕಿ, ಗಾಜಿನ ಎಳೆಯಿಂದ ನೇಯ್ದ ಬಿಳಿ ಬಟ್ಟೆ ಹಾಸಿ, ರೆಸಿನ್ನಿಗೆ ಅದನ್ನು ಗಟ್ಟಿಮಾಡುವ ಹಾರ್ಡನರ್ ಬೆರೆಸಿ ಸುರಿದು, ಹಲ್ಲಿರುವ ಪುಟ್ಟ ರೋಲರ್‌ನಿಂದ ಅದು ಬಟ್ಟೆಯೊಳಗೆ ಇಳಿಯುವ ಹಾಗೆ ಉಜ್ಜಬೇಕು. ಇದು ಹೊರಪದರ, ಮೊದಲ ದಿನದ ಕೆಲಸ. ಮರುದಿನ, ಅದು ಪೂರ್ತಿ ಗಟ್ಟಿಯಾಗುವ ಮೊದಲು, ಅದರ ಮೇಲೆ ಹಳದಿ ಬಟ್ಟೆಯ ಒಳಪದರ. ಗುಂಡು ತಡೆಯುವ ಅಂಗಿಗೆ ಬಳಸುವ ಜಾತಿಯ ಬಟ್ಟೆ ಅದು, ಬಂಡೆಗೆ ಬಡಿದರೂ ಬೇಗ ಹರಿಯುವುದಿಲ್ಲ. ಒಳಪದರ ತಡವಾದರೆ ಹೊರಪದರ ಕಲ್ಲಾಗಿ ಎರಡೂ ಸರಿಯಾಗಿ ಬೆಸೆದುಕೊಳ್ಳುವುದಿಲ್ಲ. ನಡುವೆ ಗಾಳಿ ಉಳಿದರೆ ಅಲ್ಲಿಂದಲೇ ಸಿಪ್ಪೆ ಏಳುತ್ತದೆ.

ಆ ಗಾಳಿಯನ್ನು ಹುಡುಕುವುದರಲ್ಲಿ ಅಕ್ಕ ಎತ್ತಿದ ಕೈ. ಬರಿಗೈಯಲ್ಲಿ ಹಸಿ ಬಟ್ಟೆಯ ಮೇಲೆ ಬೆರಳಾಡಿಸಿ, "ಇಲ್ಲಿದೆ ಕಳ್ಳ" ಎನ್ನುತ್ತಾಳೆ, ಉಜ್ಜಿ ಓಡಿಸುತ್ತಾಳೆ. ಗ್ಲೌಸ್ ಹಾಕಿಕೊಂಡರೆ ಬೆರಳು ಕಿವುಡಾಗುತ್ತದಂತೆ. ಸಂಜೆ ಕೆಲಸ ಮುಗಿದ ಮೇಲೆ ತಿನ್ನರ್ ತುಂಬಿದ ಮಗ್ಗಿನಲ್ಲಿ ಎರಡೂ ಕೈ ಅದ್ದಿ, ಅಂಟನ್ನೆಲ್ಲ ತೊಳೆದು, ಕೈ ಬೆಳ್ಳಗಾದ ಮೇಲೆಯೇ ಮನೆಗೆ ಹೊರಡುವುದು. ಅಪ್ಪನೂ ಹಾಗೇ ಮಾಡುತ್ತಿದ್ದರು. ಚೊಕ್ಕ ಕೆಲಸಗಾರನ ಕೈ ಚೊಕ್ಕವಾಗಿರಬೇಕು ಎನ್ನುತ್ತಿದ್ದರು. ಇಪ್ಪತ್ನಾಲ್ಕು ವರ್ಷ ಅಕ್ಕ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಕೊನೆಗೆ ಅವಳನ್ನು ಆಸ್ಪತ್ರೆಗೆ ಹಾಕಿಕೊಂಡು ಹೋದದ್ದು ಭಾವ. ಅವರು ಸಿಟಿ ಬಸ್ಸಿನ ಡ್ರೈವರ್. ಒಂದು ಸೋಮವಾರ ಅಕ್ಕನನ್ನೂ ನನ್ನನ್ನೂ ತಮ್ಮ ಹಿಂದಿನ ಸೀಟಿನಲ್ಲಿ ಕೂರಿಸಿ, ಆಸ್ಪತ್ರೆಯ ಸ್ಟಾಪಿನಲ್ಲಿ ಬಸ್ ನಿಲ್ಲಿಸಿ, ಎಂಜಿನ್ ಆಫ್ ಮಾಡಿದರು.

"ಇಳಿ."

"ನಂಗೇನೂ ಆಗಿಲ್ಲ. ಮನೆಗೆ ಹೋಗ್ಬೇಕು, ಬಿಡಿ."

"ನೀನು ಇಳಿಯೋ ತನಕ ಬಸ್ ಹೋಗಲ್ಲ. ಆಫೀಸಿಗೆ ಹೋಗೋರು ನಲವತ್ತು ಜನ ಇದ್ದಾರೆ. ಹಿಂದೆ ತಿರುಗಿ ಅವರಿಗೆ ಹೇಳು, ಯಾಕೆ ಇಳಿಯಲ್ಲ ಅಂತ."

ನಲವತ್ತು ಜನರೂ ಅಕ್ಕನ ಬೆನ್ನನ್ನು ನೋಡುತ್ತಿದ್ದರು. ಅಕ್ಕ ಗೊಣಗುತ್ತಾ ಇಳಿದಳು, ನಾನೂ ಇಳಿದೆ.

ಚರ್ಮದ ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಮ್ಮಿ. ಅಕ್ಕನ ಕೈಯನ್ನು ಎರಡೂ ಬದಿ ತಿರುಗಿಸಿ ನೋಡಿದರು. ಕೆಲಸ ಏನು, ಕೈ ಯಾವುದರಲ್ಲಿ ತೊಳೆಯುತ್ತೀರಿ ಎಂದು ಕೇಳಿದರು. ಅಕ್ಕ ಜಂಬದಿಂದ ತಿನ್ನರ್ ಅಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ರೆಸಿನ್ ಚರ್ಮದ ಮೇಲೇ ಕೂತಿದ್ರೆ ಅಷ್ಟೊಂದು ಒಳಗೆ ಹೋಗಲ್ಲ ಅಮ್ಮ. ತಿನ್ನರ್ ಹಾಕಿ ನೀವೇ ಅದನ್ನ ಕರಗಿಸಿ ಒಳಗೆ ಕಳಿಸ್ತಾ ಬಂದಿದ್ದೀರಿ."

ತಿನ್ನರ್ ಕಂಡುಹಿಡಿದವಳೇ ನಾನು ಎನ್ನುವ ಹಾಗೆ ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.

"ಇದು ರೆಸಿನ್ನಿಂದಾನೇ ಅಂತ ಆದ್ರೆ?" ಎಂದು ನಾನು ಕೇಳಿದೆ.

"ಮೈ ಒಂದ್ಸಲ ಅದನ್ನ ಶತ್ರು ಅಂತ ಗುರುತು ಹಾಕ್ಕೊಂಡ್ರೆ ಮತ್ತೆ ಅಳಿಸೋಕೆ ಬರಲ್ಲ. ಕೆಲಸ ಬಿಡ್ಬೇಕು. ಗ್ಲೌಸ್ ಹಾಕಿದ್ರೂ ಆಗಲ್ಲ, ಆ ಕೋಣೆಗೇ ಹೋಗಬಾರದು. ಹಟ ಮಾಡಿದ್ರೆ ಮುಂದೆ ಉಸಿರಾಟಕ್ಕೂ ಬರಬಹುದು."

ಹದಿನೇಳನೇ ವಯಸ್ಸಿನಿಂದ ಆ ಕೋಣೆಯಲ್ಲೇ ಇರುವವಳು ಅಕ್ಕ. ಸೊಸೆಯಾಗಿ ಹೋದ ಮನೆಯಲ್ಲಿ ಎರಡು ದಿನ ಇದ್ದು, ಮೂರನೇ ದಿನ ಅಚ್ಚಿಗೆ ಮೇಣ ತಿಕ್ಕುವುದಿದೆ ಎಂದು ವಾಪಸ್ ಬಂದವಳು. ಡಾಕ್ಟರಿಗೆ ಇದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮೈಗೆ ಯಾವುದು ಆಗುವುದಿಲ್ಲ ಎಂದು ಪತ್ತೆ ಮಾಡಲು ಡಾಕ್ಟರು ಅಕ್ಕನ ಬೆನ್ನಿಗೆ ಹತ್ತು ಪಟ್ಟಿ ಅಂಟಿಸಿದರು. ಒಂದೊಂದರ ಒಳಗೆ ಒಂದೊಂದು ವಸ್ತುವಿನ ಚೂರು. ಪಕ್ಕದಲ್ಲಿ ಪೆನ್ನಿನಿಂದ ಒಂದರಿಂದ ಹತ್ತು ಅಂಕಿ ಬರೆದು, ಯಾವ ಅಂಕಿಗೆ ಯಾವ ವಸ್ತು ಎಂದು ಚೀಟಿ ಕೊಟ್ಟರು. ಒಂದನೆಯದು ಸೋಪಿಗೆ ಹಾಕುವ ಸುಗಂಧ, ಎರಡನೆಯದು ರಬ್ಬರು, ಹೀಗೆ. ಏಳನೆಯದು ರೆಸಿನ್. ಬುಧವಾರ ಬೆಳಿಗ್ಗೆ ಮನೆಯಲ್ಲೇ ಯಾರಾದರೂ ಪಟ್ಟಿ ಕೀಳಬೇಕು, ಶುಕ್ರವಾರ ಬಂದು ತೋರಿಸಬೇಕು, ಅಲ್ಲಿಯವರೆಗೆ ಸ್ನಾನ ಇಲ್ಲ, ಶೆಡ್ಡಿನ ಕೆಲಸವೂ ಇಲ್ಲ. ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಅಕ್ಕ ಚೀಟಿಯನ್ನು ಬಾಯಿಪಾಠ ಮಾಡಿ ನನ್ನ ಕೈಗೆ ಕೊಟ್ಟಿದ್ದಳು.

ಆ ವಾರವೇ ಒಂದು ತಲೆನೋವೂ ಇತ್ತು. ಕೆರೆಯ ದಡದ ದೋಣಿ ಕ್ಲಬ್ಬಿನವರು ಆರು ದೋಣಿ ಹೇಳಿದ್ದರು. ಐದು ಕೊಟ್ಟಾಗಿತ್ತು. ಆರನೆಯದನ್ನು ಶನಿವಾರ ಕೊಡಬೇಕಿತ್ತು. ಬಾರದಿದ್ದರೆ ಮುಂದಿನ ವರ್ಷದ ದೋಣಿಗಳನ್ನೆಲ್ಲ ಕಾರ್ಖಾನೆಗೆ ಕೊಡುತ್ತೇವೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಫೋನಿನಲ್ಲಿ ಬಹಳ ಮೆತ್ತಗೆ ಹೇಳಿದ್ದರು. ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಪುಡಿಯನ್ನು ಅಚ್ಚಿನೊಳಗೆ ಸುರಿದು, ದೊಡ್ಡ ಒಲೆಯಲ್ಲಿ ತಿರುಗಿಸಿ, ದಿನಕ್ಕೆ ಇಪ್ಪತ್ತು ದೋಣಿ ತೆಗೆಯುತ್ತಾರೆ. ಹೊರಲು ಇಬ್ಬರು ಬೇಕು, ಬಿಸಿಲಿಗೆ ಹೊಟ್ಟೆ ಜೋಲುತ್ತದೆ, ಆದರೆ ಹೇಳಿದ ದಿನಕ್ಕೆ ಬರುತ್ತದೆ. ಕ್ಲಬ್ಬು ಕೈಬಿಟ್ಟರೆ ನಮ್ಮ ಶೆಡ್ಡಿಗೆ ಬೀಗ.

ಬುಧವಾರ ಹತ್ತು ಗಂಟೆಗೆ ಅಕ್ಕ ಹೊರಕೋಣೆಯ ಸ್ಟೂಲಿನ ಮೇಲೆ ನನಗೆ ಬೆನ್ನು ಹಾಕಿ ಕೂತಳು. ಬಾಗಿಲ ಚಿಲಕ ಹಾಕಿ, ಕಿಟಕಿಯ ಬೆಳಕಿಗೆ ಅವಳನ್ನು ತಿರುಗಿಸಿದೆ.

"ಹುಷಾರಾಗಿ ಕೀಳು, ಅದು ಅಂಚುಪಟ್ಟಿ ಅಲ್ಲ."

"ಅಂಚುಪಟ್ಟಿ ಆಗಿದ್ರೆ ಇಷ್ಟು ಮಾತಾಡ್ತಿರಲಿಲ್ಲ," ಎಂದೆ. "ಒಂದು."

ಒಂದರ ಕೆಳಗೆ ಏನೂ ಇರಲಿಲ್ಲ. "ಎರಡು. ಮೂರು. ನಾಲ್ಕು." ನಾಲ್ಕರ ಅಂಟು ಗಟ್ಟಿ ಇತ್ತು, ಅಕ್ಕ ಹಲ್ಲು ಕಚ್ಚಿದಳು. "ಐದು. ಆರು." ಎಲ್ಲ ಕಡೆ ಚರ್ಮ ಚರ್ಮದ ಬಣ್ಣಕ್ಕೇ ಇತ್ತು.

ಏಳರ ಪಟ್ಟಿ ಕಿತ್ತೆ. ಅಲ್ಲಿ ಚರ್ಮ ಕೆಂಪಗೆ ಉಬ್ಬಿತ್ತು. ಅದರ ಮೇಲೆ ಸಾಸಿವೆ ಕಾಳಿನಷ್ಟು ನೀರುಗುಳ್ಳೆಗಳು. ಪಟ್ಟಿ ಇಟ್ಟಿದ್ದ ಜಾಗದ ಅಳತೆಗೆ ಸರಿಯಾಗಿ, ಅಂಚು ಕತ್ತರಿಸಿದ ಹಾಗೆ.

"ಎಂಟು," ಎಂದೆ. "ಒಂಬತ್ತು. ಹತ್ತು."

"ಏನಿದೆ?"

"ಏನೂ ಇಲ್ಲ."

ಅಕ್ಕ ತಿರುಗಲಿಲ್ಲ. ಫೋನಿನಲ್ಲಿ ಒಂದು ಫೋಟೋ ತೆಗೆದು ತೋರಿಸು ಎನ್ನಲಿಲ್ಲ. ಕನ್ನಡಿ ಕೊಡು ಎನ್ನಲೂ ಇಲ್ಲ. ಆಗ ನನಗೆ ಅದು ವಿಚಿತ್ರ ಅನ್ನಿಸಲಿಲ್ಲ. ನನ್ನ ಬಾಯಿಂದ ಬಂದದ್ದನ್ನು ಹೇಗೆ ಉಳಿಸಿಕೊಳ್ಳುವುದು ಎಂಬ ಯೋಚನೆಯಲ್ಲಿ ನಾನಿದ್ದೆ.

ಯಾಕೆ ಸುಳ್ಳು ಹೇಳಿದೆ ಎಂದು ಆಮೇಲೆ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಅಕ್ಕನಿಗೆ ನೋವಾಗಬಾರದೆಂದು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ಹಸಿ ಸುಳ್ಳು. ಶನಿವಾರದ ದೋಣಿ ನನ್ನ ತಲೆಯಲ್ಲಿತ್ತು. ಹೇಗಿದ್ದರೂ ಇಷ್ಟು ವರ್ಷ ಹಾಳಾದ ಕೈ, ಇನ್ನೆರಡು ದಿನಕ್ಕೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಅಷ್ಟು ಲೆಕ್ಕ ಹಾಕಲು ಒಂದು ಪಟ್ಟಿ ಕೀಳುವ ಹೊತ್ತು ಸಾಕಾಯಿತು. ನನ್ನ ಮೇಲೆ ನನಗೇ ಅಸಹ್ಯವಾಗುವುದು ಆ ವೇಗಕ್ಕೆ.

"ಏನೂ ಇಲ್ಲ ಅಂದ್ಮೇಲೆ ಶುಕ್ರವಾರದ ತನಕ ಯಾಕೆ ಕಾಯೋದು," ಎನ್ನುತ್ತಾ ಅಕ್ಕ ಕುಪ್ಪಸ ಹಾಕಿಕೊಂಡು ಒಳಕೋಣೆಗೆ ಹೋದಳು. ಸಂಜೆಯೊಳಗೆ ಹೊರಪದರ ಮುಗಿಸಿದಳು. ಅವತ್ತು ಅವಳು ಹಾಡಿಕೊಳ್ಳುತ್ತಿದ್ದಳು. ಅವಳಿಗೆ ಹಾಡಲು ಬರುವುದಿಲ್ಲ, ಕೆಲಸ ಚೆನ್ನಾಗಿ ಕೂತಾಗ ಮಾತ್ರ ಹಾಡುತ್ತಾಳೆ.

ಗುರುವಾರ ಬೆಳಿಗ್ಗೆ ಭಾವನ ಫೋನು ಬಂತು. "ಪಕ್ಕದಲ್ಲಿ ಮಲಗಿರೋದು ಯಾರು ಅಂತ ಗೊತ್ತಾಗ್ತಿಲ್ಲ ಮಾರಾಯ್ತಿ. ಬಾ ಬೇಗ," ಅಂದರು. ಮಾತು ತಮಾಷೆಯದು, ಸ್ವರ ತಮಾಷೆಯದಾಗಿರಲಿಲ್ಲ. ಹೋಗಿ ನೋಡಿದರೆ ಅಕ್ಕನ ಮುಖ ಊದಿಕೊಂಡು, ಎರಡೂ ರೆಪ್ಪೆ ಬನ್ನಿನ ಹಾಗೆ ಉಬ್ಬಿ ಕಣ್ಣು ಮುಚ್ಚಿಹೋಗಿತ್ತು. ಡಾಕ್ಟರಿಗೆ ಫೋನು ಮಾಡಿದೆವು. ಅವರು ಮೊದಲು ಉಸಿರಾಟ ಹೇಗಿದೆ ಎಂದು ಕೇಳಿದರು, ಆಮೇಲೆ ಮಾತ್ರೆಯ ಹೆಸರು ಹೇಳಿದರು, ಆಮೇಲೆ ಬೈದರು. ಬೈದದ್ದು ಅಕ್ಕನಿಗೆ, ಕೇಳಿಸಿಕೊಂಡದ್ದು ನಾನು.

"ಗಂಟೆ ಎಷ್ಟು?" ಎಂದಳು ಅಕ್ಕ, ಮಾತ್ರೆ ನುಂಗಿ.

"ಒಂಬತ್ತೂವರೆ."

"ನಡಿ. ಹೊರಪದರ ಇನ್ನೂ ಹಸಿ ಇದೆ. ಸಂಜೆ ಹೊತ್ತಿಗೆ ಕಲ್ಲಾಗುತ್ತೆ."

"ಕಣ್ಣೇ ಕಾಣ್ತಿಲ್ಲ, ಎಲ್ಲಿಗೆ ನಡಿಯೋದು?"

"ಮಾಡೋದು ನೀನು. ನಾನು ಹೊರಗೆ ಕೂತಿರ್ತೀನಿ."

ಭಾವ ನನ್ನನ್ನು ನೋಡಿದರು, ನಾನು ಭಾವನನ್ನು ನೋಡಿದೆ. ಅಕ್ಕ ಆಗಲೇ ಗೋಡೆ ಹಿಡಿದುಕೊಂಡು ಚಪ್ಪಲಿ ಹುಡುಕುತ್ತಿದ್ದಳು. ಅವಳು ಹೊರಟರೆ ಹೊರಟಳೇ.

ಹೊರಕೋಣೆಯಲ್ಲಿ, ಮುಚ್ಚಿದ ಬಾಗಿಲಿನ ಪಕ್ಕ ಕುರ್ಚಿ ಹಾಕಿ ಅವಳನ್ನು ಕೂರಿಸಿದೆವು. ಕಣ್ಣಿನ ಮೇಲೆ ಒದ್ದೆ ಬಟ್ಟೆ. ನಾನು ಮಾಸ್ಕು, ಉದ್ದ ತೋಳಿನ ಅಂಗಿ, ಎರಡು ಜೊತೆ ಗ್ಲೌಸು ಹಾಕಿಕೊಂಡು ಒಳಗೆ ಹೋದೆ. ಅಷ್ಟು ವರ್ಷ ಆ ಶೆಡ್ಡಿನಲ್ಲಿದ್ದು ನಾನು ಬಟ್ಟೆ ಕತ್ತರಿಸಿಕೊಟ್ಟದ್ದುಂಟು, ಒಂದು ಪದರವನ್ನೂ ಕೂರಿಸಿದ್ದಿಲ್ಲ. ಅಕ್ಕ ಯಾರನ್ನೂ ಬಿಟ್ಟುಕೊಂಡವಳೂ ಅಲ್ಲ.

"ಬೆರೆಸಿದ್ಯಾ?" ಬಾಗಿಲಿನ ಆಚೆಯಿಂದ ಬಂತು.

"ಬೆರೆಸಿದೆ. ಬಟ್ಟೆ ಹಾಸ್ತಾ ಇದೀನಿ."

"ರೆಸಿನ್ ಎಲ್ಲಿದೆ?"

"ಮಗ್ಗಲ್ಲಿದೆ."

"ಎಷ್ಟು ಹೊತ್ತಾಯ್ತು? ಮಗ್ ಮುಟ್ಟಿ ನೋಡು."

ಮುಟ್ಟಿದರೆ ಗ್ಲೌಸಿನ ಮೇಲೂ ಬಿಸಿ ತಾಗಿತು. ಮಗ್ಗಿನ ಬಾಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಬೆರೆಸಿದ ರೆಸಿನ್ ಆಳದ ಪಾತ್ರೆಯಲ್ಲಿ ಗುಂಪಾಗಿ ಕೂತರೆ ತನ್ನಷ್ಟಕ್ಕೇ ಕಾದು ಗಟ್ಟಿಯಾಗುತ್ತದೆ, ಅಗಲದ ತಟ್ಟೆಯಲ್ಲಿ ತೆಳುವಾಗಿ ಹರಡಿಡಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಕೈಗೆ ಬಂದಿರಲಿಲ್ಲ. ಮಗ್ಗನ್ನು ಹಿಂದಿನ ಅಂಗಳಕ್ಕೆ ಒಯ್ದಿಟ್ಟು ಮತ್ತೆ ಬೆರೆಸಿದೆ.

ಹಳದಿ ಬಟ್ಟೆ ಹಾಸಿ ರೋಲರ್ ಎಳೆಯತೊಡಗಿದೆ. ಬಿಳಿ ಬಟ್ಟೆಯಾದರೆ ರೆಸಿನ್ ಕುಡಿದ ಕೂಡಲೇ ಗಾಜಿನಂತಾಗುತ್ತದೆ, ಕುಡಿಯದ ಜಾಗ ಬೆಳ್ಳಗೆ ಉಳಿಯುತ್ತದೆ, ಯಾರಿಗಾದರೂ ಕಾಣುತ್ತದೆ. ಹಳದಿಯದು ಹಾಗಲ್ಲ. ಕುಡಿದರೂ ಹಳದಿ, ಕುಡಿಯದಿದ್ದರೂ ಹೆಚ್ಚುಕಮ್ಮಿ ಅದೇ ಹಳದಿ. ನಾನು ಧೈರ್ಯವಾಗಿ ಎಳೆಯುತ್ತಾ ಹೋದೆ.

"ನಿಲ್ಲು. ಅದು ಒಣ ಸದ್ದು."

"ನನ್ನ ಕಣ್ಣಿಗೆ ಸರಿಯಾಗೇ ಇದೆ."

"ನಿನ್ನ ಕಣ್ಣನ್ನ ಯಾರು ಕೇಳಿದ್ರು? ಹಿಂದಕ್ಕೆ ಬಾ. ಎರಡು ಗೇಣು. ಅಲ್ಲಿ ಎಳಿ."

ಎಳೆದೆ. ಸರ್ ಸರ್ ಎಂದಿತು. ಇನ್ನಷ್ಟು ರೆಸಿನ್ ಹಾಕಿ ಉಜ್ಜಿದೆ. ಸ್ವಲ್ಪ ಹೊತ್ತಿಗೆ ಅದು ಚಪ್ ಚಪ್ ಎನ್ನತೊಡಗಿತು.

"ಹ್ಞಾ. ಈಗ ಮುಂದೆ ಹೋಗು," ಎಂದಳು ಅಕ್ಕ.

ನಾಲ್ಕು ಗಂಟೆ ಹೀಗೆ ನಡೆಯಿತು. ಅವಳು ಕಣ್ಣು ಮುಚ್ಚಿ ಹಲಗೆಗೆ ಕಿವಿ ಕೊಟ್ಟು ಕೂತಿದ್ದಳು, ನಾನು ಕಣ್ಣು ಬಿಟ್ಟುಕೊಂಡು ಕುರುಡಿಯಂತೆ ರೋಲರ್ ಎಳೆಯುತ್ತಿದ್ದೆ. ಒಂದು ಕಡೆ ನಾನು ಬೇಸತ್ತು ಜೋರಾಗಿ ತಿಕ್ಕಿದ್ದಕ್ಕೆ, "ಅದು ದೋಣಿ ಕಣೇ, ಪಾತ್ರೆ ಅಲ್ಲ" ಎಂದಳು. ಮತ್ತೊಂದು ಕಡೆ ಅವಳು ಏನೂ ಹೇಳದೆ ಸುಮ್ಮನಿದ್ದಾಗ ಗಾಬರಿಯಾಗಿ, "ಅಕ್ಕಾ, ಇದ್ದೀಯಾ?" ಎಂದು ಕೂಗಿದೆ. "ಎಲ್ಲಿಗೆ ಹೋಗ್ಲಿ?" ಎಂದಳು.

ಆಗ ನನಗೆ ಅಳು ಬಂತು. ಮಾಸ್ಕಿನೊಳಗೆ ಅತ್ತರೆ ಒರೆಸಿಕೊಳ್ಳಲು ಆಗುವುದಿಲ್ಲ, ಕೈಯೆಲ್ಲ ರೆಸಿನ್. ಬಾಗಿಲು ಮುಚ್ಚಿತ್ತು, ಅವಳ ಮುಖ ನೋಡಬೇಕಾಗಿರಲಿಲ್ಲ, ಏಳು ಕೆಂಪಗಿತ್ತು ಎಂದು ಹೇಳಲು ಅದಕ್ಕಿಂತ ಸುಲಭದ ಗಳಿಗೆ ಸಿಗುತ್ತಿರಲಿಲ್ಲ. ಹೇಳಲಿಲ್ಲ. ಬಟ್ಟೆಯ ಇನ್ನೊಂದು ತುಂಡು ಹಾಸಿದೆ.

ಶುಕ್ರವಾರ ಡಾಕ್ಟರು ಅಕ್ಕನ ಬೆನ್ನು ನೋಡಿದರು. ಏಳರ ಮೇಲೆ ಪೆನ್ನಿನ ತುದಿ ಇಟ್ಟು, "ರೆಸಿನ್. ಅನುಮಾನವೇ ಇಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಬುಧವಾರ ಪಟ್ಟಿ ತೆಗೆದಾಗಲೇ ಇದು ಕಂಡಿರಬೇಕಲ್ಲ?"

"ಅವತ್ತು ಇಷ್ಟು ಇರಲಿಲ್ಲ," ಎಂದೆ. ಇದು ಎರಡನೇ ಸುಳ್ಳು, ಮೊದಲಿನದಕ್ಕಿಂತ ಸಲೀಸಾಗಿ ಬಂತು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತಿದ್ದಳು.

ಶನಿವಾರ ದೋಣಿಯನ್ನು ಅಚ್ಚಿನಿಂದ ಬಿಡಿಸಿ ಅಂಗಳದಲ್ಲಿ ಕವುಚಿ ಹಾಕಿದೆವು. ಅಕ್ಕನ ಕಣ್ಣು ಅರ್ಧ ತೆರೆದಿತ್ತು. ಕೈಯಲ್ಲಿ ನಾಣ್ಯ ಹಿಡಿದು ಮೂತಿಯಿಂದ ಬಾಲದವರೆಗೆ ತಟ್ಟುತ್ತಾ ಬಂದಳು. ಪದರಗಳು ಬೆಸೆದಿದ್ದರೆ ಟಣ್ ಎನ್ನುತ್ತದೆ, ನಡುವೆ ಗಾಳಿ ಇದ್ದರೆ ಬೊದ್ದೆನ್ನುತ್ತದೆ. ಒಂದೇ ಒಂದು ಕಡೆ ಬೊದ್ದೆಂದಿತು, ಅಂಗೈಯಷ್ಟು ಜಾಗ. ಅವಳು ಕೂಗಿ ನಿಲ್ಲಿಸದ ಜಾಗ ಅದು, ನಾನು ಅಳುತ್ತಿದ್ದ ಜಾಗ. ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಎಳೆದು, "ಇದನ್ನ ಕತ್ತರಿಸಿ ತೇಪೆ ಹಾಕು. ಮಿಕ್ಕಿದ್ದು ಪರವಾಗಿಲ್ಲ" ಎಂದಳು. ಪರವಾಗಿಲ್ಲ ಎನ್ನುವುದು ಅಕ್ಕನ ಬಾಯಲ್ಲಿ ದೊಡ್ಡ ಮಾತು. ಕ್ಲಬ್ಬಿನವರು ಸೋಮವಾರ ಬಂದು ದೋಣಿ ಒಯ್ದರು, ಎರಡು ದಿನದ ತಡಕ್ಕೆ ತಕರಾರು ಮಾಡಲಿಲ್ಲ.

ಆಮೇಲೆ ನಾವು ಕೋಣೆ ಬದಲಾಯಿಸಿಕೊಂಡೆವು. ಒಳಕೋಣೆ ನನ್ನದಾಯಿತು, ಹೊರಗಿನದು ಅಕ್ಕನದು. ತಿನ್ನರ್ ಮಗ್ಗನ್ನು ನಾನೇ ಎಸೆದೆ. ಅಕ್ಕ ಮಾಡಿದ ಮೊದಲ ಸೀಟಿನ ಮೇಲೆ ಕೂತವರು ಜಾರಿ ನೇರ ನೀರಿಗೇ ಹೋಗುವ ಹಾಗಿತ್ತು. ನಾನು ಹಾಗೆಂದೇ ಹೇಳಿದೆ. ಅವಳು ನನ್ನ ರೋಲರಿನ ಒಣ ಸದ್ದು ಕೇಳಿದಾಗಲೆಲ್ಲ ಸುತ್ತಿಗೆಯಿಂದ ಬಾಗಿಲಿಗೆ ಒಮ್ಮೆ ಬಡಿಯುತ್ತಿದ್ದಳು, ಒಣಗಿದೆ ಎಂದು ಅರ್ಥ. ಆರಂಭದಲ್ಲಿ ದಿನಕ್ಕೆ ಇಪ್ಪತ್ತು ಸಲ ಬಡಿಯುತ್ತಿದ್ದಳು. ವರ್ಷದ ಕೊನೆಗೆ ವಾರಕ್ಕೆ ಒಂದೆರಡು. ಅವಳು ಹೊಸ್ತಿಲ ಈಚೆ ಕಾಲಿಡುತ್ತಿರಲಿಲ್ಲ. ಬಾಗಿಲು ತೆರೆದಿದ್ದಾಗ ಒಮ್ಮೊಮ್ಮೆ ಅಲ್ಲಿ ನಿಂತು ಅಚ್ಚನ್ನು ನೋಡುತ್ತಿದ್ದಳು, ನಾನು ಗಮನಿಸಿದರೆ ಏನೋ ಹುಡುಕುವವಳ ಹಾಗೆ ಬಗ್ಗುತ್ತಿದ್ದಳು.

ದಿನಾ ಸಂಜೆ ನನ್ನ ತಪಾಸಣೆಯೂ ಇರುತ್ತಿತ್ತು. ಕೈ, ಮಣಿಕಟ್ಟು, ಮೊಣಕೈ ಸಂದು, ಕಿವಿಯ ಹಿಂದೆ. "ನಾನೇನು ಸಂತೆಗೆ ಹೊಡ್ಕೊಂಡು ಬಂದ ಎಮ್ಮೆನಾ?" ಎಂದರೆ, "ಎಮ್ಮೆ ಇಷ್ಟು ಮಾತಾಡಲ್ಲ, ತಿರುಗು" ಎನ್ನುತ್ತಿದ್ದಳು.

ಈ ವರ್ಷದ ಬೇಸಿಗೆಯಲ್ಲಿ ಒಂದು ದಿನ ನನ್ನ ಕತ್ತಿನ ಹಿಂದೆ ನವೆ ಶುರುವಾಯಿತು. ಅಚ್ಚಿನಲ್ಲಿ ಹಿಂದಿನ ದಿನದ ಹೊರಪದರ ಕಾಯುತ್ತಿತ್ತು. ಹಳದಿ ಬಟ್ಟೆ ಕತ್ತರಿಸಿ ಇಟ್ಟಾಗಿತ್ತು. ಅದೂ ಕ್ಲಬ್ಬಿನದೇ ದೋಣಿ. ಚಹಾದ ಹೊತ್ತಿಗೆ ನಾನು ಕತ್ತು ಕೆರೆಯುವುದನ್ನು ಅಕ್ಕ ನೋಡಿದಳು.

"ಇಲ್ಲಿ ಬಾ. ಬಗ್ಗು."

ಬಗ್ಗಿದೆ. ಅವಳ ಉಸಿರು ಕತ್ತಿಗೆ ತಾಗಿತು. ಒಂದು ಕ್ಷಣವೂ ತಡೆಯಲಿಲ್ಲ.

"ಕೆಂಪಗಿದೆ. ಏಳೆಂಟು ಗುಳ್ಳೆ ಇದೆ."

"ಇವತ್ತು ಒಳಪದರ ಮುಗಿಸಿಬಿಡ್ತೀನಿ. ನಾಳೆ ತೋರಿಸೋಣ."

ಅಕ್ಕ ಎದ್ದು ಒಳಕೋಣೆಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಚೀಲಕ್ಕೆ ಹಾಕಿಕೊಂಡಳು.

"ಅಕ್ಕಾ, ಹೊರಪದರ ಕಲ್ಲಾಗುತ್ತೆ."

"ಆಗ್ಲಿ."

"ಕ್ಲಬ್ಬಿನವರು ಕಾರ್ಖಾನೆಗೆ ಹೋಗ್ತಾರೆ."

"ಹೋಗ್ಲಿ. ಕಾರ್ಖಾನೆಯವರೂ ಬದುಕಬೇಕಲ್ಲ."

ನನ್ನ ಎದುರಿಗೇ ಕಾರ್ಯದರ್ಶಿಗೆ ಫೋನು ಮಾಡಿ, ದೋಣಿ ತಡವಾಗುತ್ತದೆ, ಎಷ್ಟು ದಿನ ಎಂದು ಹೇಳಲಾರೆ, ಕೆಲಸದವಳಿಗೆ ಹುಷಾರಿಲ್ಲ ಎಂದಳು. ಕೆಲಸದವಳು ಎಂದರೆ ನಾನು. ಭಾವನ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದೆವು. ಈ ಸಲ ಹತ್ತು ಪಟ್ಟಿ ನನ್ನ ಬೆನ್ನಿಗೆ. ನಲವತ್ತೆಂಟು ಗಂಟೆ ಕಳೆದ ಮೇಲೆ ಮನೆಯಲ್ಲಿ ಕೀಳಲು ಅಕ್ಕ ಒಪ್ಪಲಿಲ್ಲ, ಡಾಕ್ಟರೇ ಕೀಳಲಿ ಎಂದು ಹಟ ಹಿಡಿದು ಕರೆದೊಯ್ದಳು. ಮತ್ತೆ ಎರಡು ದಿನ ಬಿಟ್ಟು ಮತ್ತೆ ಹೋದೆವು. ಡಾಕ್ಟರು ಒಂದರಿಂದ ಹತ್ತರವರೆಗೆ ನೋಡಿ, ನನ್ನ ಕತ್ತನ್ನೂ ಇನ್ನೊಮ್ಮೆ ನೋಡಿ, ಕೈ ತೊಳೆದುಕೊಂಡರು.

"ಏನೂ ಇಲ್ಲ. ರೆಸಿನ್ ನಿಮಗೆ ಏನೂ ಮಾಡಿಲ್ಲ. ಕತ್ತಲ್ಲಿರೋದು ಬೆವರುಗುಳ್ಳೆ. ಮಾಸ್ಕಿನ ಪಟ್ಟಿ ಸಡಿಲ ಮಾಡ್ಕೊಳ್ಳಿ."

ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಭಾವನ ಬಸ್ಸಿಗೆ ಕಾಯುತ್ತಿದ್ದಾಗ ನನಗೆ ಸಿಟ್ಟು ಬಂತು.

"ಒಂದು ಬೆವರುಗುಳ್ಳೆಗೆ ಒಂದು ದೋಣಿ ಹಾಳಾಯ್ತು."

"ಆಯ್ತು," ಎಂದಳು ಅಕ್ಕ. ಅವಳ ಮುಖದಲ್ಲಿ ನಗು ಇತ್ತು. ಡಾಕ್ಟರ ಕೋಣೆಯಿಂದ ಹೊರಗೆ ಬಂದಾಗಿನಿಂದಲೂ ಇತ್ತು. ಅದನ್ನು ನೋಡಿದ ಮೇಲೆ ನನ್ನ ಸಿಟ್ಟು ಉಳಿಯಲಿಲ್ಲ. ಅದರ ಜಾಗಕ್ಕೆ ನಾಚಿಕೆ ಬಂತು, ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ.

"ಅಕ್ಕಾ. ಅವತ್ತು ಬುಧವಾರ ಏಳು ಕೆಂಪಗಿತ್ತು."

"ಗೊತ್ತು."

"ಹೇಗೆ?"

"ಆರರ ತನಕ ನೀನು ಬಾಯಲ್ಲಿ ಎಣಿಸ್ದೆ. ಏಳು ಅನ್ನಲೇ ಇಲ್ಲ. ಎಂಟಕ್ಕೆ ಹಾರಿದೆ."

ರಸ್ತೆಯಲ್ಲಿ ಎರಡು ಬಸ್ಸು ಹೋದವು. ಯಾವುದೂ ಭಾವನದಲ್ಲ.

"ಗೊತ್ತಿದ್ದೂ ಒಳಗೆ ಹೋದ್ಯಾ?"

"ಏನೂ ಇಲ್ಲ ಅಂತ ನೀನು ಅಂದ್ಯಲ್ಲ. ನಂಗೆ ಅದೇ ಬೇಕಿತ್ತು, ಇನ್ನೊಂದೇ ಒಂದು ದಿನ. ಅದು ಇಬ್ಬರೂ ಸೇರಿ ಹೇಳಿದ ಸುಳ್ಳು ಕಣೇ ಗರಗಸ. ಪೂರ್ತಿ ನಿಂದೇ ಅಂತ ಜಂಬ ಪಡಬೇಡ."

ನಾನು ಮಡಿಲಲ್ಲಿ ಕೈ ಇಟ್ಟುಕೊಂಡು ಕೂತೆ. ಅಕ್ಕ ಆ ಕೈಗಳನ್ನು ಎತ್ತಿ, ಒಂದೊಂದನ್ನೇ ತಿರುಗಿಸಿ ನೋಡಿ, ಮತ್ತೆ ನನ್ನ ಮಡಿಲಲ್ಲೇ ಇಟ್ಟಳು.

"ನಂದು ಹೋಯ್ತು. ನಿಂದು ಇರ್ಲಿ," ಎಂದಳು.

ಮರುದಿನ ಶೆಡ್ಡಿಗೆ ಹೋದಾಗ ಕೀಲಿ ಕೊಡು ಎಂದು ಕೈ ಚಾಚಿದೆ. ಕೊಡಲಿಲ್ಲ. ತಾನೇ ಬೀಗ ತೆಗೆದು, ಬಾಗಿಲು ನೂಕಿ, ಪಕ್ಕಕ್ಕೆ ಸರಿದಳು. ಕಲ್ಲಾಗಿದ್ದ ಹೊರಪದರವನ್ನು ಕಿತ್ತು ಬಿಸಾಡಿ ಅಚ್ಚಿಗೆ ಮತ್ತೆ ಮೇಣ ತಿಕ್ಕುವುದಿತ್ತು. ಮಾಸ್ಕಿನ ಪಟ್ಟಿಯನ್ನು ಒಂದು ತೂತು ಸಡಿಲ ಮಾಡಿಕೊಟ್ಟು ಅಕ್ಕ ಹೊಸ್ತಿಲಿನ ಆಚೆ ನಿಂತಳು. ನಾನು ಒಳಗೆ ಹೋದೆ.